‘ಮಿನಿಮಮ್ ತಪ್ಪದೆ ಕಟ್ಟುತ್ತಿದ್ದೇನೆ, ಸಾಲ ಮಾತ್ರ ಏರುತ್ತಲೇ ಇದೆ’

ಪ್ರಶ್ನೆ: ನನಗೆ 36 ವರ್ಷ. ಊರು ದಾವಣಗೆರೆ ಕಡೆ, ಕೆಲಸ ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ. ಕೈಗೆ ಬರುವ ಸಂಬಳ 48,000 ರೂಪಾಯಿ. ಎರಡು ವರ್ಷದ ಹಿಂದೆ ಅಪ್ಪನ ಆಸ್ಪತ್ರೆ ಖರ್ಚಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದೆ. ಒಂದು ಕಾರ್ಡಿನಿಂದ ಎಟಿಎಂನಲ್ಲಿ ನಗದನ್ನೂ ತೆಗೆದೆ. ಆಗ 1,90,000 ಇದ್ದ ಸಾಲ ಈಗ ಮೂರು ಕಾರ್ಡ್ ಸೇರಿ 3,10,000 ಆಗಿದೆ. ಬಿಲ್ಲಿನಲ್ಲಿ ಕನಿಷ್ಠ ಇಷ್ಟಾದರೂ ಕಟ್ಟಿ ಅಂತ ಬರುವ ಮಿನಿಮಮ್ ಮೊತ್ತ ಖಾತೆಯಿಂದ ತಾನಾಗೇ, ಆಟೋ ಡೆಬಿಟ್‌ನಲ್ಲಿ ಹೋಗುತ್ತದೆ. ಒಂದು ತಿಂಗಳು ತಪ್ಪಿದ್ದಕ್ಕೆ ವಸೂಲಿಯವರು ಆಫೀಸಿಗೇ ಫೋನ್ ಮಾಡಿದರು. ಆ್ಯಪ್‌ನಲ್ಲಿ ಸಾಲ ತೆಗೆದು ಕಾರ್ಡ್ ತೀರಿಸಲಾ? ಅಥವಾ ಒಬ್ಬರು ಹೇಳಿದಂತೆ ಕಟ್ಟುವುದನ್ನೇ ನಿಲ್ಲಿಸಿ ಅರ್ಧಕ್ಕೆ ಸೆಟ್ಲ್‌ಮೆಂಟ್ ಮಾಡಿಕೊಳ್ಳಲಾ? ಪೊಲೀಸ್ ಕೇಸ್ ಆಗುತ್ತಾ? ತಿಂಗಳು ತಿಂಗಳು ಕಟ್ಟುವ ಆರ್‌ಡಿಯಲ್ಲಿ (ರಿಕರಿಂಗ್ ಡೆಪಾಸಿಟ್) 42,000 ಇದೆ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ತಿಂಗಳಿಗೆ ಆರು ಸಾವಿರದಷ್ಟು ಬರುತ್ತದೆ. ಅವಳ ಹತ್ತಿರ 40 ಗ್ರಾಂ ಒಡವೆ ಇದೆ. ಈ ಸಾಲದ ವಿಷಯ ಅವಳಿಗೆ ಗೊತ್ತಿಲ್ಲ.

ಉತ್ತರ: ಪತ್ರದ ಜೊತೆ ಮೂರೂ ಕಾರ್ಡಿನ ಸ್ಟೇಟ್‌ಮೆಂಟ್ ಮತ್ತು ಮನೆ ಖರ್ಚಿನ ಲೆಕ್ಕ ಕಳಿಸಿದ್ದೀರಿ. ಒಳ್ಳೆಯದಾಯಿತು. ಸಾಲ ವಿಭಾಗದಲ್ಲಿ ಕೂತು ಕೆಲಸ ಮಾಡಿದ ವರ್ಷಗಳಲ್ಲಿ ನಾನು ನೋಡಿದ್ದೇನೆ, ಸ್ಟೇಟ್‌ಮೆಂಟ್ ತೆರೆದು ಓದುವವರೇ ಕಮ್ಮಿ. ಮೆಸೇಜಿನಲ್ಲಿ ಬಂದ ಮಿನಿಮಮ್ ಮೊತ್ತ ನೋಡುತ್ತಾರೆ, ಕಟ್ಟುತ್ತಾರೆ, ಈ ತಿಂಗಳು ಪಾರಾದೆ ಅಂದುಕೊಳ್ಳುತ್ತಾರೆ. ನೀವೂ ಎರಡು ವರ್ಷ ಅದನ್ನೇ ಮಾಡಿದ್ದೀರಿ.

ನಿಮ್ಮ ದೊಡ್ಡ ಕಾರ್ಡನ್ನೇ ತೆಗೆದುಕೊಳ್ಳೋಣ. ಬಾಕಿ 1,60,000. ಬಡ್ಡಿ ತಿಂಗಳಿಗೆ ಶೇ. 3.5. ಅಂದರೆ 5,600 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 1,008 ರೂಪಾಯಿ. ಎರಡೂ ಸೇರಿ 6,608. ನೀವು ಕಟ್ಟುವ ಮಿನಿಮಮ್ 8,000. ಹಾಗಾದರೆ ಅಸಲಿಗೆ ಹೋಗಿದ್ದು ಎಷ್ಟು? ಬರೀ 1,392 ರೂಪಾಯಿ.

ಎರಡನೇ ಕಾರ್ಡಿನಲ್ಲಿ 95,000 ಬಾಕಿ, ಬಡ್ಡಿ ಶೇ. 3.75. ಅಲ್ಲಿ 4,750 ಕಟ್ಟಿದರೆ ಅಸಲು ಇಳಿಯುವುದು 546 ರೂಪಾಯಿ. ಮೂರನೆಯದು ನೀವು ನಗದು ತೆಗೆದ ಕಾರ್ಡ್, 55,000 ಬಾಕಿ, ಬಡ್ಡಿ ಶೇ. 3.6. ಅಲ್ಲಿ 2,750 ಕಟ್ಟಿ 414 ರೂಪಾಯಿ ಇಳಿಸುತ್ತಿದ್ದೀರಿ. ಮೂರೂ ಸೇರಿಸಿ ನೋಡಿ. ತಿಂಗಳಿಗೆ 15,500 ರೂಪಾಯಿ ಕಟ್ಟುತ್ತೀರಿ, ಸಾಲ ಇಳಿಯುವುದು 2,352. ಮಿಕ್ಕ 13,148 ರೂಪಾಯಿ ಬಡ್ಡಿ ಮತ್ತು ತೆರಿಗೆ.

ಅಷ್ಟಾದರೂ ಇಳಿಯುತ್ತಿದ್ದರೆ ನೀವು ಹೇಗೋ ತೇಲುತ್ತಿದ್ದಿರಿ. ಆದರೆ ಅದೇ ಕಾರ್ಡುಗಳಲ್ಲಿ ತಿಂಗಳಿಗೆ 7,000 ರೂಪಾಯಿಯ ರೇಷನ್, ಔಷಧಿ ತರುತ್ತಿದ್ದೀರಿ. 2,352 ಇಳಿಸಿ 7,000 ಏರಿಸುತ್ತಿದ್ದೀರಿ. ನಿಮ್ಮ ಸಾಲ ಯಾಕೆ ಏರುತ್ತಿದೆ ಅನ್ನುವುದಕ್ಕೆ ಉತ್ತರ ಇಷ್ಟೇ. ಇದರಲ್ಲಿ ದುಂದುಗಾರಿಕೆ ಏನೂ ಇಲ್ಲ. ಅಪ್ಪನನ್ನು ಉಳಿಸಿಕೊಳ್ಳಲು ಮಾಡಿದ ಸಾಲ, ಆಮೇಲೆ ಅಕ್ಕಿ ಬೇಳೆಗೆ ಮಾಡಿದ ಸಾಲ. ದಯವಿಟ್ಟು ನಿಮ್ಮನ್ನು ನೀವೇ ಹಳಿದುಕೊಳ್ಳುವುದನ್ನು ಬಿಡಿ.

ಇನ್ನೊಂದು ಮಾತು, ಬಹಳ ಜನಕ್ಕೆ ಗೊತ್ತಿಲ್ಲದ್ದು. ಕಾರ್ಡ್ ಕೊಡುವಾಗ ‘50 ದಿನ ಬಡ್ಡಿ ಇಲ್ಲ’ ಅಂತಾರಲ್ಲ, ಅದು ಪೂರ್ತಿ ಬಿಲ್ ಕಟ್ಟಿದವರಿಗೆ ಮಾತ್ರ. ಒಂದು ತಿಂಗಳು ಬಾಕಿ ಉಳಿಸಿದಿರಾ, ಆ ಸವಲತ್ತು ಹೋಯಿತು. ಆಮೇಲೆ ನೀವು ತರುವ ಒಂದು ಪ್ಯಾಕೆಟ್ ಎಣ್ಣೆಗೂ ತಂದ ದಿನದಿಂದಲೇ ಬಡ್ಡಿ. ನಗದು ತೆಗೆದರಂತೂ ಮೊದಲಿನಿಂದಲೂ ಬಡ್ಡಿರಹಿತ ದಿನ ಅನ್ನುವುದೇ ಇಲ್ಲ, ಮೇಲೆ ನಗದು ತೆಗೆದ ಶುಲ್ಕ ಬೇರೆ.

ಸ್ಟೇಟ್‌ಮೆಂಟಿನಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇದೆ, ಹುಡುಕಿ ಓದಿ. ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಸಾಲ ತೀರಲು ತಿಂಗಳು, ವರ್ಷಗಳೇ ಹಿಡಿಯುತ್ತವೆ, ಬಡ್ಡಿಯೂ ಬೆಳೆಯುತ್ತದೆ ಅಂತ ಅದರಲ್ಲಿದೆ. ಆರ್‌ಬಿಐ ನಿಯಮದ ಪ್ರಕಾರ ಬ್ಯಾಂಕುಗಳು ಅದನ್ನು ಹಾಕಲೇಬೇಕು. ಹಾಕುತ್ತವೆ. ಆದರೆ ಮಿನಿಮಮ್ ಮೊತ್ತ ಇರುವುದು ದಪ್ಪ ಅಕ್ಷರದಲ್ಲಿ. ಈ ವಿಷಯದಲ್ಲಿ ನನಗೆ ಇವತ್ತಿಗೂ ಬೇಸರವಿದೆ.

ಕಾನೂನು ಬಂದು ಬಡ್ಡಿ ಇಳಿಸುತ್ತದೆ ಅಂತ ಕಾಯಬೇಡಿ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಕಾರ್ಡ್ ಬಡ್ಡಿ ವರ್ಷಕ್ಕೆ ಶೇ. 30 ದಾಟಬಾರದು ಅಂದಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ವರ್ಷಕ್ಕೆ ಶೇ. 42, 45ರ ಬಡ್ಡಿಯಿಂದ ಹೊರಗೆ ಬರುವ ದಾರಿಯನ್ನು ನಾವೇ ಮಾಡಿಕೊಳ್ಳಬೇಕು.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರುತ್ತೇನೆ. ಮೊದಲ ಕೆಲಸ ಬ್ಯಾಂಕಿನಲ್ಲಿ ಇಲ್ಲ, ಮನೆಯಲ್ಲಿದೆ. ಹೆಂಡತಿಗೆ ಹೇಳಿ.

ಇದನ್ನು ಉಪದೇಶ ಅಂದುಕೊಳ್ಳಬೇಡಿ, ಲೆಕ್ಕದ ಮಾತಾಗಿಯೇ ಹೇಳುತ್ತಿದ್ದೇನೆ. ನಿಮ್ಮ ಸಂಬಳದ ಲೆಕ್ಕದಲ್ಲಿ ಉಳಿಯುವುದು ಸೊನ್ನೆ. ಬಾಡಿಗೆ, ಮಗುವಿನ ಶಾಲೆ, ಊರಿಗೆ ಅಮ್ಮನಿಗೆ ಕಳಿಸುವುದು, ಹಾಲು ತರಕಾರಿ, ಪೆಟ್ರೋಲು, ಕರೆಂಟು ಎಲ್ಲ ಸೇರಿ 30,500. ಕಾರ್ಡಿಗೆ 15,500. ಆರ್‌ಡಿಗೆ 2,000. ಅಲ್ಲಿಗೆ 48,000 ಮುಗಿಯಿತು. ರೇಷನ್ನಿನ 7,000 ಕಾರ್ಡಿಗೆ ಬಿದ್ದಿದ್ದು ಅದಕ್ಕೇ. ಹೊಲಿಗೆಯ ಆರು ಸಾವಿರ ಮತ್ತು ಒಡವೆ, ಇವೆರಡೂ ಇಲ್ಲದೆ ಈ ಲೆಕ್ಕ ಕೂಡುವುದಿಲ್ಲ. ಎರಡೂ ಅವರದು. ಕೇಳದೆ ಮುಟ್ಟುವ ಹಾಗಿಲ್ಲ.

ನನ್ನ ಹತ್ತಿರ ಒಬ್ಬರು ಬರುತ್ತಿದ್ದರು. ಸ್ಟೇಟ್‌ಮೆಂಟಿನ ಲಕೋಟೆಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿ, ಒರೆಸುವ ಬಟ್ಟೆಯ ಕೆಳಗೆ ಇಟ್ಟುಕೊಂಡಿದ್ದರು, ಮನೆಯಲ್ಲಿ ಕಾಣಬಾರದು ಅಂತ. ನಾಲ್ಕನೇ ಸಲ ಬಂದಾಗ ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ಒಂದೊಂದೇ ಲಕೋಟೆ ತೆರೆದು ಓದಿದರು. ಅಳಲಿಲ್ಲ, ಬಯ್ಯಲಿಲ್ಲ. ‘ಜೂನ್‌ನಲ್ಲಿ ಕಟ್ಟಿದ ಸ್ಕೂಲ್ ಫೀಸೂ ಇದರಲ್ಲೇ ಇದೆಯಾ?’ ಅಂತ ಒಂದೇ ಪ್ರಶ್ನೆ ಕೇಳಿದರು. ಇವರು ತಲೆ ಆಡಿಸಿದರು. ಆಕೆ ಬ್ಯಾಗಿನಿಂದ ಹಾಲಿನ ಲೆಕ್ಕದ ಪುಸ್ತಕ ತೆಗೆದು, ಕೊನೆಯ ಹಾಳೆಯಲ್ಲಿ ಮೂರು ಕಾರ್ಡಿನ ಬಾಕಿ ಬರೆದುಕೊಂಡರು. ಆಮೇಲಿನ ಒಂದೂವರೆ ವರ್ಷ ಆ ಪುಸ್ತಕವೇ ಅವರ ಲೆಕ್ಕ. ಬಯ್ಗುಳ ಮನೆಗೆ ಹೋದ ಮೇಲೆ ಸಿಕ್ಕಿರಬಹುದು. ಸಿಕ್ಕಲಿ. ಅದು ಒಂದು ದಿನದ್ದು.

ಹೇಳಿದ ಆ ರಾತ್ರಿಯೇ ಇನ್ನೊಂದು ಕೆಲಸ. ಮೂರೂ ಬ್ಯಾಂಕಿನ ಆ್ಯಪ್ ತೆರೆದು ಆನ್‌ಲೈನ್, ಟ್ಯಾಪ್ ಮಾಡುವುದು, ಎಟಿಎಂ, ಅಂಗಡಿಯ ಮಿಷಿನ್, ನಾಲ್ಕನ್ನೂ ಆಫ್ ಮಾಡಿ. ಹೀಗೆ ಆಫ್ ಮಾಡುವ ಸೌಲಭ್ಯ ಪ್ರತಿ ಕಾರ್ಡಿನಲ್ಲೂ ಇರಲೇಬೇಕು. ಊಟ ತರಿಸುವ, ಸಾಮಾನು ತರಿಸುವ ಆ್ಯಪ್‌ಗಳಲ್ಲಿ ಸೇವ್ ಆಗಿರುವ ಕಾರ್ಡುಗಳನ್ನು ತೆಗೆದುಹಾಕಿ. ಮೊಬೈಲ್ ರೀಚಾರ್ಜ್ ಏನಾದರೂ ಕಾರ್ಡಿನಿಂದ ತಾನಾಗೇ ಹೋಗುತ್ತಿದ್ದರೆ ಅದನ್ನು ಬ್ಯಾಂಕ್ ಖಾತೆಗೆ ಬದಲಿಸಿ. ಕಾರ್ಡ್ ಕತ್ತರಿಸಿ ಹಾಕಿದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ನಂಬರ್ ಫೋನಿನಲ್ಲಿ ಕೂತಿರುತ್ತದೆ. ರೇಷನ್ ಇನ್ನು ಮೇಲೆ ಕೈಕಾಸಿನಲ್ಲೇ ಬರಬೇಕು. ಇದೊಂದು ಆಗದಿದ್ದರೆ ನಾನು ಮುಂದೆ ಹೇಳುವುದೆಲ್ಲ ತೂತು ಕೊಡಕ್ಕೆ ನೀರು ತುಂಬಿದಂತೆ.

ಇನ್ನು ಒಡವೆ. ಅವರು ಮನಸ್ಸಿನಿಂದ ಒಪ್ಪಿದರೆ ಮಾತ್ರ, ಅವರ ಹೆಸರಿನಲ್ಲೇ ಒಂದು ಬ್ಯಾಂಕಿನಲ್ಲಿ ಚಿನ್ನದ ಸಾಲ ತೆಗೆಯಿರಿ. ಈಗಿನ ಬೆಲೆಗೆ 40 ಗ್ರಾಂ ಮೇಲೆ 1,50,000 ಕಷ್ಟವಿಲ್ಲದೆ ಸಿಗುತ್ತದೆ. ಜಾಸ್ತಿ ಕೊಡುತ್ತೇವೆ ಅನ್ನುತ್ತಾರೆ, ಬೇಡ ಅನ್ನಿ. ಆ ದುಡ್ಡು ಅದೇ ದಿನ ಎರಡನೇ ಮತ್ತು ಮೂರನೇ ಕಾರ್ಡಿಗೆ ಹೋಗಬೇಕು, ಎರಡೂ ಪೂರ್ತಿ ಮುಗಿಯುತ್ತವೆ. ಆ ಎರಡು ಕಾರ್ಡಿಗೆ ಈಗ ತಿಂಗಳಿಗೆ 6,540 ರೂಪಾಯಿ ಬಡ್ಡಿ, ತೆರಿಗೆ ಕಟ್ಟುತ್ತಿದ್ದೀರಿ. ವರ್ಷಕ್ಕೆ ಶೇ. 10ರ ಚಿನ್ನದ ಸಾಲದಲ್ಲಿ ಅದೇ ಮೊತ್ತಕ್ಕೆ ತಿಂಗಳ ಬಡ್ಡಿ 1,250. ತಿಂಗಳಿಗೆ ಐದು ಸಾವಿರಕ್ಕಿಂತ ಜಾಸ್ತಿ ಉಳಿತಾಯ.

ಒಡವೆ ಅಡ ಇಡಬೇಡಿ ಅಂತ ಹಿರಿಯರು ಹೇಳುತ್ತಾರೆ, ಅದರಲ್ಲಿ ಸತ್ಯವಿದೆ. ಕಟ್ಟದಿದ್ದರೆ ಹರಾಜಾಗುತ್ತದೆ. ಅದಕ್ಕೇ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುವ, ಅಸಲನ್ನು ಯಾವಾಗ ಬೇಕಾದರೂ ಸ್ವಲ್ಪ ಸ್ವಲ್ಪ ತುಂಬಲು ಬಿಡುವ ಸಾಲವನ್ನೇ ಕೇಳಿ. ವರ್ಷದ ಕೊನೆಗೆ ಎಲ್ಲ ಒಟ್ಟಿಗೆ ಅನ್ನುವುದು ನಿಮಗೆ ಆಗಿಬರುವುದಿಲ್ಲ. ಅವಧಿ ಎಷ್ಟು, ಮುಗಿದಾಗ ನವೀಕರಣ ಹೇಗೆ ಅನ್ನುವುದನ್ನು ಸಹಿ ಹಾಕುವ ಮುಂಚೆ ಕೇಳಿಕೊಳ್ಳಿ. ನಿಮ್ಮ ಹೆಂಡತಿ ಬೇಡ ಅಂದರೆ ಒತ್ತಾಯ ಮಾಡಬೇಡಿ. ಆಗ ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ಪರ್ಸನಲ್ ಲೋನ್ ಕೇಳಿ. ಶೇ. 15, 16 ಆದರೂ ಕಾರ್ಡಿಗಿಂತ ಎಷ್ಟೋ ವಾಸಿ.

ಆರ್‌ಡಿ ಮುರಿಯಿರಿ. ವರ್ಷಕ್ಕೆ ನೂರಕ್ಕೆ ಏಳು ರೂಪಾಯಿ ಬಡ್ಡಿ ಬರುವ ಕಡೆ ದುಡ್ಡು ಇಟ್ಟು, 42 ರೂಪಾಯಿ ಬಡ್ಡಿ ಕಟ್ಟುವುದರಲ್ಲಿ ಅರ್ಥವಿಲ್ಲ. ಆದರೆ ಎಲ್ಲವನ್ನೂ ಸಾಲಕ್ಕೆ ಸುರಿಯಬೇಡಿ. 42,000ದಲ್ಲಿ 17,000 ಬೇರೆ ಖಾತೆಯಲ್ಲಿ ಇಡಿ. ಮಗುವಿಗೆ ಜ್ವರ ಬರುತ್ತದೆ, ಊರಿಗೆ ಓಡಬೇಕಾಗುತ್ತದೆ. ಆಗ ಕೈ ಮತ್ತೆ ಕಾರ್ಡಿಗೆ ಹೋಗಬಾರದು. ಮಿಕ್ಕ 25,000 ದೊಡ್ಡ ಕಾರ್ಡಿಗೆ ಕಟ್ಟಿ. ಅಲ್ಲಿ ಬಾಕಿ 1,35,000 ಆಗುತ್ತದೆ.

ಈ 1,35,000ವನ್ನು ಇಎಂಐಗೆ ಬದಲಿಸಿಕೊಡಿ ಅಂತ ಬ್ಯಾಂಕಿಗೆ ಬರೆದು ಕೇಳಿ. ಫೋನಿನಲ್ಲಿ ಕೇಳಿದರೆ ಆಗಲ್ಲ ಅನ್ನುವುದು ಸುಲಭ, ಇಮೇಲ್ ಮಾಡಿ. ಶೇ. 18ಕ್ಕೆ 12 ತಿಂಗಳ ಇಎಂಐ ಸಿಕ್ಕರೆ ಕಂತು ಸುಮಾರು 12,400, ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿ ಮೊದಲ ಕಂತು 12,750ರ ಹತ್ತಿರ. ಪ್ರೊಸೆಸಿಂಗ್ ಶುಲ್ಕ ಎಷ್ಟು, ಬೇಗ ತೀರಿಸಿದರೆ ದಂಡ ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ. ಇಎಂಐ ಸಿಗದಿದ್ದರೆ ತಿಂಗಳಿಗೆ 15,000ದಂತೆ ಕಟ್ಟಿ. ಆಗಲೂ 12 ತಿಂಗಳಲ್ಲಿ ಮುಗಿಯುತ್ತದೆ, ಆದರೆ ಬಡ್ಡಿ, ತೆರಿಗೆಗೇ ಸುಮಾರು 37,000 ಹೋಗುತ್ತದೆ. ಇಎಂಐನಲ್ಲಿ ಬಡ್ಡಿ, ತೆರಿಗೆ ಸೇರಿ 16,000. ಇಪ್ಪತ್ತು ಸಾವಿರದ ವ್ಯತ್ಯಾಸ ಇರುವ ಕಡೆ ಒಂದು ಇಮೇಲ್ ಬರೆಯಲು ಸಂಕೋಚ ಯಾಕೆ, ಅಲ್ವಾ?

ದುಡ್ಡು ಎಲ್ಲಿಂದ ಬಂತು ನೋಡಿ. ಸಂಬಳ 48,000, ಹೊಲಿಗೆಯ 6,000, ಒಟ್ಟು 54,000. ಮನೆ ಖರ್ಚು 30,500, ರೇಷನ್ ಔಷಧಿ 7,000. ಉಳಿದಿದ್ದು 16,500. ಚಿನ್ನದ ಬಡ್ಡಿ 1,250 ಕಳೆದರೆ 15,250. ಇಎಂಐ ಸಿಕ್ಕರೆ ಕೈಯಲ್ಲಿ ಎರಡೂವರೆ ಸಾವಿರ ಉಸಿರಾಡಲು ಇರುತ್ತದೆ. ಸಿಗದಿದ್ದರೆ ಬಹಳ ಬಿಗಿ. ಹಬ್ಬದ ಬೋನಸ್, ಓವರ್‌ಟೈಮ್ ಬಂದಿದ್ದೆಲ್ಲ ಒಡವೆ ಬಿಡಿಸಲು ಹೋಗಲಿ. ದೊಡ್ಡ ಕಾರ್ಡ್ ಮುಗಿದ ಮೇಲೆ ಅದೇ ದುಡ್ಡನ್ನು ಚಿನ್ನದ ಸಾಲಕ್ಕೆ ತಿರುಗಿಸಿದರೆ ಇನ್ನು ಹತ್ತು ತಿಂಗಳು. ಒಟ್ಟು ಎರಡು ವರ್ಷದ ಒಳಗೆ ನೀವು ಸಾಲದಿಂದ ಹೊರಗೆ ಬರುತ್ತೀರಿ. ಸಾಲ ಬೆಳೆಯಲು ತೆಗೆದುಕೊಂಡಷ್ಟೇ ಕಾಲ.

ಆ್ಯಪ್ ಸಾಲ ಬೇಡ. ಬಾಣಲೆಯಿಂದ ಬೆಂಕಿಗೆ ಹಾರಿದಂತೆ ಆಗುತ್ತದೆ. ಸಣ್ಣ ಅವಧಿ, ಮುಂಗಡವಾಗಿ ಹಿಡಿದುಕೊಳ್ಳುವ ಶುಲ್ಕ, ತಿಂಗಳು ತಿರುಗುವುದರಲ್ಲಿ ಇನ್ನೊಂದು ಆ್ಯಪ್. ಯಾವತ್ತಾದರೂ ತೆಗೆಯಲೇಬೇಕಾಗಿ ಬಂದರೆ ಹಿಂದೆ ಇರುವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ) ಯಾವುದು ಅಂತ ನೋಡಿ. ಅಂಥ ಆ್ಯಪ್‌ಗಳ ಪಟ್ಟಿಯನ್ನು ಆರ್‌ಬಿಐ 2025ರ ಜುಲೈನಿಂದ ತನ್ನ ವೆಬ್‌ಸೈಟಿನಲ್ಲೇ ಹಾಕಿದೆ. ಫೋನಿನ ಕಾಂಟ್ಯಾಕ್ಟ್, ಫೋಟೊ ನೋಡಲು ಅನುಮತಿ ಕೇಳಿತೋ, ಅಲ್ಲಿಗೇ ಬಿಡಿ. ಸಾಲದ ಆ್ಯಪ್ ಅವನ್ನು ಮುಟ್ಟುವ ಹಾಗಿಲ್ಲ.

ಸೆಟ್ಲ್‌ಮೆಂಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೆಲಸ ಹೋಗಿ, ಕಾಯಿಲೆ ಬಿದ್ದು, ನಿಜಕ್ಕೂ ಕಟ್ಟಲು ಆಗದವರಿಗೆ ಅದು ಸರಿಯಾದ ದಾರಿ. ಅದರಲ್ಲಿ ಅವಮಾನ ಏನೂ ಇಲ್ಲ. ನಿಮ್ಮ ಸ್ಥಿತಿ ಅದಲ್ಲ. ನಿಮಗೆ ಹೇಳಿದವರು ಏನು ಹೇಳುತ್ತಿದ್ದಾರೆ? ಕಟ್ಟುವುದನ್ನು ನಿಲ್ಲಿಸಿ, ನಮಗೆ ಫೀಸು ಕೊಡಿ, ಅರ್ಧ ಮಾಡಿಸುತ್ತೇವೆ ಅಂತ. ಅರ್ಧ ಮಾಡುವುದು ಬಿಡುವುದು ಬ್ಯಾಂಕಿನ ಕೈಯಲ್ಲಿದೆ, ಅವರ ಕೈಯಲ್ಲಿಲ್ಲ. ನಿಲ್ಲಿಸಿದ ಅಷ್ಟೂ ತಿಂಗಳು ಬಡ್ಡಿ, ದಂಡ ಬೆಳೆಯುತ್ತವೆ. ನಿಮ್ಮ ದೊಡ್ಡ ಕಾರ್ಡ್ ಸಂಬಳದ ಖಾತೆ ಇರುವ ಬ್ಯಾಂಕಿನದೇ. ಬಾಕಿ ಬಿಟ್ಟರೆ ಖಾತೆಯಿಂದ ಹಿಡಿದುಕೊಳ್ಳಲು ಬಹಳಷ್ಟು ಕಾರ್ಡ್ ಒಪ್ಪಂದಗಳಲ್ಲಿ ಅವಕಾಶ ಇರುತ್ತದೆ. ಕೊನೆಗೆ ಸೆಟ್ಲ್ ಆದರೂ, ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಅಂತ ಬರುವುದಿಲ್ಲ, ‘ಸೆಟಲ್ಡ್’ ಅಂತ ಬರುತ್ತದೆ, ಅಂದರೆ ಪೂರ್ತಿ ಕಟ್ಟದೆ ಮುಗಿಸಿದ್ದು. ಮುಂದೆ ಮನೆ ಸಾಲ ಕೇಳಲು ಹೋದಾಗ ಆ ಒಂದು ಪದವನ್ನೇ ಮೊದಲು ನೋಡುತ್ತಾರೆ. ನಾನೂ ಹಾಗೆಯೇ ನೋಡುತ್ತಿದ್ದೆ.

ಪೊಲೀಸರ ಭಯ ಬಿಡಿ. ಕಾರ್ಡಿನ ಬಾಕಿ ಕಟ್ಟಲಾಗದೆ ಇರುವುದು ಸಿವಿಲ್ ವಿಷಯ. ಅಷ್ಟಕ್ಕೇ ಯಾರೂ ಬಂದು ಹಿಡಿದುಕೊಂಡು ಹೋಗುವುದಿಲ್ಲ. ಸಾಲ ತೀರಿಸಲು ಕೊಟ್ಟ ಚೆಕ್ ಬೌನ್ಸ್ ಆದರೆ, ಆಟೋ ಡೆಬಿಟ್ ದುಡ್ಡಿಲ್ಲದೆ ವಾಪಸ್ ಆದರೆ ಅದು ಬೇರೆ, ಅದಕ್ಕೆ ಕ್ರಿಮಿನಲ್ ಕೇಸಿಗೆ ಅವಕಾಶವಿದೆ. ಕೋರ್ಟಿನಿಂದಲೋ ಲೋಕ ಅದಾಲತ್‌ನಿಂದಲೋ ನೋಟಿಸ್ ಬಂದರೆ ಹೆದರಿ ಮನೆಯಲ್ಲಿ ಕೂರಬೇಡಿ, ಹೋಗಿ.

ಆಫೀಸಿಗೆ ಫೋನ್ ಮಾಡಿದ ವಸೂಲಿಯವರ ಬಗ್ಗೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಅವರು ಫೋನ್ ಮಾಡುವ ಹಾಗಿಲ್ಲ. ಬೆದರಿಸುವುದು, ನಾಲ್ಕು ಜನರ ಮುಂದೆ ಅವಮಾನ ಮಾಡುವುದು, ಮನೆಯವರಿಗೆ ಸ್ನೇಹಿತರಿಗೆ ಕಾಟ ಕೊಡುವುದು, ಯಾವುದಕ್ಕೂ ಅವಕಾಶವಿಲ್ಲ. ಮತ್ತೆ ಹಾಗಾದರೆ ದಿನ, ಸಮಯ, ನಂಬರ್ ಬರೆದಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಕಾರ್ಡ್ ಮುಗಿಸುವಾಗ ಒಂದು ಕಡೆ ಎಲ್ಲರೂ ಎಡವುತ್ತಾರೆ. ಸ್ಟೇಟ್‌ಮೆಂಟಿನ ಮೊತ್ತವನ್ನು ಪೂರ್ತಿ ಕಟ್ಟಿ ಮುಗಿಯಿತು ಅಂದುಕೊಳ್ಳುತ್ತಾರೆ. ಬಿಲ್ ಬಂದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ನೂರೋ ಸಾವಿರವೋ ಇರುತ್ತದೆ. ನೋಡದೆ ಬಿಟ್ಟರೆ ಅದರ ಮೇಲೆ ತಡದ ಶುಲ್ಕ ಬಿದ್ದು, ಸಿಬಿಲ್‌ನಲ್ಲೂ ಮಚ್ಚೆ ಬೀಳುತ್ತದೆ. ಹಾಗಾಗಿ ಕಟ್ಟುವ ದಿನ ಫೋನ್ ಮಾಡಿ ‘ಇವತ್ತು ಪೂರ್ತಿ ಮುಗಿಸಲು ಎಷ್ಟು’ ಅಂತ ಕೇಳಿ, ಅಷ್ಟು ಕಟ್ಟಿ, ಮುಂದಿನ ಬಿಲ್ ಸೊನ್ನೆ ಆಗಿದೆಯಾ ನೋಡಿ. ಆಮೇಲೆ ಕಾರ್ಡ್ ಮುಚ್ಚಲು ಬರೆದು ಕೊಡಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನದಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕ್ ನಿಮಗೆ ಕೊಡಬೇಕು. 2022ರಲ್ಲಿ ಆರ್‌ಬಿಐ ತಂದ ನಿಯಮ ಇದು. ಬಾಕಿ ಇಲ್ಲ ಅನ್ನುವ ಪತ್ರವನ್ನೂ ತೆಗೆದುಕೊಳ್ಳಿ. ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ತರಿಸಿ ನೋಡಿ, ವರ್ಷಕ್ಕೊಂದು ಪೂರ್ತಿ ವರದಿ ಉಚಿತ.

ಎರಡನೇ, ಮೂರನೇ ಕಾರ್ಡ್ ಮುಚ್ಚಿಬಿಡಿ. ದೊಡ್ಡ ಕಾರ್ಡನ್ನು ಇಟ್ಟುಕೊಳ್ಳುವುದಾದರೆ ಮಿತಿಯನ್ನು 30,000ಕ್ಕೆ ಇಳಿಸಿ, ಆಟೋ ಡೆಬಿಟ್‌ನಲ್ಲಿ ‘ಮಿನಿಮಮ್’ ತೆಗೆದು ‘ಪೂರ್ತಿ ಮೊತ್ತ’ ಅಂತ ಹಾಕಿ. ನಿಮ್ಮ ಒಪ್ಪಿಗೆ ಇಲ್ಲದೆ ಮಿತಿ ಏರಿಸುವ ಹಾಗಿಲ್ಲ, ಒಪ್ಪಿಗೆ ಕೇಳಿ ಮೆಸೇಜ್ ಬಂದರೆ ಬೇಡ ಅನ್ನಿ.

ಒಡವೆ ಇಡುವ ದಿನ ಒಂದೊಂದು ಒಡವೆಯ ತೂಕ ಬರೆದ ಚೀಟಿ ಕೊಡುತ್ತಾರೆ, ಅದನ್ನು ನಿಮ್ಮ ಹೆಂಡತಿಯ ಹತ್ತಿರವೇ ಇರಲು ಬಿಡಿ. ಬಿಡಿಸುವ ದಿನ ಇಬ್ಬರೂ ರಜೆ ಹಾಕಿಯಾದರೂ ಹೋಗಿ. ಕೌಂಟರಿನಲ್ಲೇ ತೂಕ ಹಾಕಿಸಿ, ಚೀಟಿಗೆ ತಾಳೆ ನೋಡಿ, ಅವರೇ ಎಣಿಸಿಕೊಳ್ಳಲಿ. ಆಮೇಲೆ ಸಹಿ ಹಾಕಿ.